ಬಾವಿ ತೋಡದ ರೈತನ ಲೆಕ್ಕ: ಕಲ್ಯಾಣ ಕರ್ನಾಟಕ ಹಿಂದೆ ಉಳಿದದ್ದು ಹೇಗೆ?

[ಪರದೆ: ರಾಜ್ಯದ ನಕ್ಷೆ, ತಾಲ್ಲೂಕುಗಳಿಗೆ ಬಣ್ಣ ತುಂಬುತ್ತಾ ಹೋಗುತ್ತದೆ]

ನಿರೂಪಣೆ: 2002ರಲ್ಲಿ ಪ್ರಾದೇಶಿಕ ಅಸಮತೋಲನ ಪರಿಶೀಲಿಸಿದ ಡಿ.ಎಂ. ನಂಜುಂಡಪ್ಪ ಸಮಿತಿ ಅಂದಿನ 175 ತಾಲ್ಲೂಕುಗಳನ್ನೂ ಅಳೆದು ನೋಡಿತು. 114 ಹಿಂದುಳಿದಿದ್ದವು. ಅತ್ಯಂತ ಹಿಂದುಳಿದ 39ರಲ್ಲಿ 21 ಕಲಬುರಗಿ ವಿಭಾಗದವು, ಅಂದರೆ ಇಂದಿನ ಕಲ್ಯಾಣ ಕರ್ನಾಟಕದವು. ಮಳೆ ಇಲ್ಲ, ಅದಕ್ಕೇ ಹೀಗೆ ಅಂತೀವಿ. ಆದರೆ ಬೀದರಿಗೆ ಚಿತ್ರದುರ್ಗಕ್ಕಿಂತ ಹೆಚ್ಚು ಮಳೆ ಬೀಳುತ್ತದೆ.

[ಪರದೆ: ಒಂದೇ ಅಳತೆಯ ಎರಡು ಹೊಲ, ನಡುವೆ ಗೆರೆ]

ಸಾಲ ಮಾಡಿ ಬಾವಿ ತೋಡಲೋ ಬೇಡವೋ ಅಂತ ಯೋಚಿಸುತ್ತಿರುವ ರೈತನನ್ನು ನೋಡಿ. ಮೈಸೂರು ಸೀಮೆಯಲ್ಲಿ 1863ರಿಂದ ಸರ್ವೆ ಶುರುವಾಗಿ, ಕಂದಾಯ 30 ವರ್ಷಕ್ಕೆ ನಿಗದಿಯಾಯಿತು. ಬಾವಿಯಿಂದ ಬೆಳೆ ಹೆಚ್ಚಾದರೆ ಅಷ್ಟು ವರ್ಷ ಆ ಲಾಭ ಅವನದೇ. ಕಲ್ಯಾಣ ಕರ್ನಾಟಕದ ಬಹುಭಾಗ ಸೇರಿದ್ದ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲೂ ಸರ್ಕಾರಕ್ಕೆ ನೇರವಾಗಿ ಕಂದಾಯ ಕಟ್ಟುವ ಜಮೀನಿಗೆ ಸರ್ವೆ ಬಂತು. ಆದರೆ ಹತ್ತರಲ್ಲಿ ಸುಮಾರು ನಾಲ್ಕು ಪಾಲು ನೆಲ ಒಂದೋ ಜಾಗೀರುದಾರರ, ಅಂದರೆ ಕಂದಾಯ ವಸೂಲಿಯ ಹಕ್ಕು ಪಡೆದವರ, ಕೈಯಲ್ಲಿತ್ತು, ಇಲ್ಲವೇ ನಿಜಾಮರ ಖಾಸಗಿ ಆಸ್ತಿಯಾಗಿತ್ತು. ದೊಡ್ಡ ಜಾಗೀರುಗಳಿಗೆ ತಮ್ಮದೇ ಪೊಲೀಸು, ತಮ್ಮದೇ ಕೋರ್ಟು. ವಸೂಲಿಗೆ ಬರುವವನೇ ದೂರು ಕೇಳುವವನೂ ಆದರೆ, ಬೆಳೆ ಹೆಚ್ಚಿದಷ್ಟೂ ಭಯ ಹೆಚ್ಚು. ಅಲ್ಲಿ ಬಾವಿ ತೋಡದಿರುವುದೇ ಬುದ್ಧಿವಂತಿಕೆ. ಅದನ್ನು ಸೋಮಾರಿತನ ಅನ್ನುವುದು ಅನ್ಯಾಯ.

ಜಾಗೀರು ರದ್ದಾದದ್ದು 1949ರಲ್ಲಿ. ಅಷ್ಟು ಹೊತ್ತಿಗೆ ಮೈಸೂರಿನಲ್ಲಿ 1881ರ ಪ್ರಜಾ ಪ್ರತಿನಿಧಿ ಸಭೆ, 1913ರ ಮೈಸೂರು ಬ್ಯಾಂಕ್, 1916ರ ವಿಶ್ವವಿದ್ಯಾಲಯ ಹಳೆಯದಾಗಿದ್ದವು. ಓದಿದವರು ಗುಮಾಸ್ತರಾದರು, ಮೇಷ್ಟ್ರಾದರು, ಅವರ ಮಕ್ಕಳು ಎಂಜಿನಿಯರಾದರು. ಒಂದು ತಲೆಮಾರಿನ ಅಂತರ ಹೀಗೆ ಎರಡಾಯಿತು.

ಇಲ್ಲೊಂದು ಮಾತು ಹೇಳಲೇಬೇಕು. ಇಂದು ಕಲ್ಯಾಣ ಕರ್ನಾಟಕದಲ್ಲೇ ಇರುವ ಬಳ್ಳಾರಿ ಆಗ ಮದರಾಸಿನ ರೈತವಾರಿಯಲ್ಲಿತ್ತು, ಅಂದರೆ ರೈತನೇ ನೇರ ಸರ್ಕಾರಕ್ಕೆ ಕಂದಾಯ ಕಟ್ಟುತ್ತಿದ್ದ, ಆದರೂ ಬರಗಾಲ ಅದನ್ನು ಬಿಡಲಿಲ್ಲ. ಭೂಮಿಯ ಕಾನೂನೊಂದೇ ಎಲ್ಲವನ್ನೂ ವಿವರಿಸುವುದಿಲ್ಲ.

[ಪರದೆ: ಒಂದು ಕಡತ, ಮೇಜಿನಿಂದ ಮೇಜಿಗೆ]

ಇಂದು ಅನುದಾನವಿದೆ, ತೊಡಕು ಬೇರೆ. ಕಿರಿಯ ಎಂಜಿನಿಯರ್ ಹುದ್ದೆ ಖಾಲಿ, ಹಾಗಾಗಿ ಅಂದಾಜುಪಟ್ಟಿ ತಡ. ಅಂದಾಜುಪಟ್ಟಿಯಿಲ್ಲದೆ ಟೆಂಡರ್ ಇಲ್ಲ. ಟೆಂಡರ್ ಕರೆಯುವಷ್ಟರಲ್ಲಿ ಮಾರ್ಚ್ 31 ಬಂದಿರುತ್ತದೆ, ಹಣ ಖರ್ಚಾಗದೆ ಉಳಿಯುತ್ತದೆ. 2013ರಲ್ಲಿ ಜಾರಿಯಾದ ಸಂವಿಧಾನದ 371ಜೆ ವಿಧಿಯಡಿ ಸ್ಥಳೀಯ ವೃಂದದ, ಅಂದರೆ ಕಲ್ಯಾಣ ಕರ್ನಾಟಕದ ಸರ್ಕಾರಿ ಕಚೇರಿಗಳ, ಸಿ ದರ್ಜೆಯಲ್ಲಿ ಶೇ 80, ಡಿ ದರ್ಜೆಯಲ್ಲಿ ಶೇ 85 ಹುದ್ದೆ ಆ ಭಾಗದವರಿಗೆ ಮೀಸಲು. ಊರಿನವರಾದರೆ ವರ್ಗಾವಣೆಗೆ ಓಡಾಡುವುದು ಕಡಿಮೆ. ಆದರೆ ಮೀಸಲಿಟ್ಟ ಹುದ್ದೆಗೂ ನೇಮಕಾತಿ ಆದೇಶ ಬೇಕು.

ನಿಮ್ಮ ತಾಲ್ಲೂಕಿಗೆ ಎಷ್ಟು ಕೋಟಿ ಬಂತು ಅಂತ ಕೇಳುವ ಮುಂಚೆ, ಮಂಜೂರಾದ ಹುದ್ದೆ ಎಷ್ಟು, ಭರ್ತಿಯಾದದ್ದು ಎಷ್ಟು ಅಂತ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ ಗಡುವು 30 ದಿನ.