ಆಸ್ತಮಾ: ಬ್ರೇಕ್ ಯಾಕೆ ಹಿಡಿಯಲಿಲ್ಲ?

ಎಲ್ಲರಿಗೂ ನಮಸ್ಕಾರ. ಅಲರ್ಜಿಯ ಆಸ್ತಮಾ ಅಂದಕೂಡಲೇ ನಾವು ಯಾರನ್ನು ದೂರುತ್ತೇವೆ? ದೂಳನ್ನು, ಪರಾಗವನ್ನು, ಬೆಕ್ಕನ್ನು. ಸ್ವಲ್ಪ ಓದಿಕೊಂಡವರಾದರೆ ಅಲರ್ಜಿಯ ಪ್ರತಿಕಾಯವಾದ ಐಜಿಇ, ಉರಿಯೂತ ತರುವ ಬಿಳಿ ರಕ್ತಕೋಶವಾದ ಇಯೊಸಿನೊಫಿಲ್ ಅನ್ನುತ್ತಾರೆ. ಅದು ಸರಿಯೇ. ಇವನ್ನು ಕೆರಳಿಸುವ ಸಂಕೇತ ಪ್ರೋಟೀನ್‌ಗಳಾದ ಇಂಟರ್‌ಲ್ಯೂಕಿನ್‌ಗಳು, ಅಂದರೆ ಐಎಲ್-4, ಐಎಲ್-5, ಐಎಲ್-13, ಮಾಡುವ ಕೆಲಸವನ್ನು ಈ ಸಭೆಗೆ ಮತ್ತೆ ಹೇಳಬೇಕಾಗಿಲ್ಲ. ಆದರೆ ಅದೇ ಕೋಣೆಯಲ್ಲಿ ಕೂತು ಅದೇ ದೂಳನ್ನು ಉಸಿರಾಡಿದ ಪಕ್ಕದವರಿಗೆ ಏನೂ ಆಗುವುದಿಲ್ಲವಲ್ಲ, ಯಾಕೆ?

ಅವರ ದೇಹ ದೂಳನ್ನು ಗಮನಿಸಲೇ ಇಲ್ಲ ಅಂದುಕೊಳ್ಳಬೇಡಿ. ಗಮನಿಸಿತು, ಗುರುತು ಹಿಡಿಯಿತು, ಆಮೇಲೆ ತನ್ನನ್ನು ತಾನೇ ತಡೆದುಕೊಂಡಿತು. ಹಾಗೆ ತಡೆಯುವುದಕ್ಕೂ ಕೋಶಗಳಿವೆ, ಸಂಕೇತಗಳಿವೆ. ನಾನು ಇದನ್ನು ಬ್ರೇಕ್ ಅಂತ ಕರೆಯುತ್ತೇನೆ. ಆಸ್ತಮಾದಲ್ಲಿ ವೇಗ ಜಾಸ್ತಿಯಾದದ್ದು ಮಾತ್ರ ಸಮಸ್ಯೆಯಲ್ಲ, ಬ್ರೇಕೂ ಸರಿಯಾಗಿ ಹಿಡಿಯುವುದಿಲ್ಲ. ನಾನು ಇವತ್ತು ಹೇಳಲು ಬಂದಿರುವುದು ಇದೊಂದನ್ನೇ.

ಈ ಬ್ರೇಕಿನಲ್ಲಿ ದೊಡ್ಡ ಹೆಸರು ಐಎಲ್-10, ಅಂದರೆ ಇಂಟರ್‌ಲ್ಯೂಕಿನ್-10. ಇದು ಗೊತ್ತಾದದ್ದು 1989ರಲ್ಲಿ. ಹೊರಗಿನಿಂದ ಬಂದದ್ದನ್ನು ಹಿಡಿದು ಟಿ ಕೋಶಗಳಿಗೆ ತೋರಿಸುವ ಡೆಂಡ್ರಿಟಿಕ್ ಕೋಶಗಳ ಉತ್ಸಾಹವನ್ನು ಇಳಿಸುತ್ತದೆ, ರೋಗನಿರೋಧಕ ಪ್ರತಿಕ್ರಿಯೆಯನ್ನು ನಡೆಸುವ ಟಿ ಕೋಶಗಳನ್ನು ಹದ್ದುಬಸ್ತಿನಲ್ಲಿ ಇಡುತ್ತದೆ, ಪ್ರತಿಕಾಯ ಮಾಡುವ ಬಿ ಕೋಶಗಳು ಐಜಿಇ ಬದಲು ಅಲರ್ಜಿ ಕೆರಳಿಸದ ಐಜಿಜಿ4 ತಯಾರಿಸುವಂತೆ ಒಲಿಸುತ್ತದೆ. ಆಸ್ತಮಾ ಇರುವವರ ಶ್ವಾಸಕೋಶದಲ್ಲಿ ಹೊರಗಿನ ಕಣಗಳನ್ನು ನುಂಗುವ ಕೋಶಗಳಾದ ಮ್ಯಾಕ್ರೋಫೇಜ್‌ಗಳಲ್ಲಿ ಇದರ ಉತ್ಪಾದನೆ ಕಡಿಮೆ ಅಂತ 90ರ ದಶಕದಲ್ಲೇ ಕಂಡುಬಂದಿತ್ತು.

ಇನ್ನು ನಿಯಂತ್ರಕ ಟಿ ಕೋಶಗಳು, ಅಂದರೆ ಉಳಿದ ರೋಗನಿರೋಧಕ ಕೋಶಗಳನ್ನು ತಡೆಯುವ ಟಿ ಕೋಶಗಳು. ಜಪಾನಿನ ವಿಜ್ಞಾನಿ ಸಕಾಗುಚಿ 1995ರಲ್ಲಿ ಇವನ್ನು ಗುರುತಿಸಿದರು. ಈ ಕೋಶಗಳಿಗೆ ಬೇಕೇ ಬೇಕಾದ ಒಂದು ಜೀನ್ ಇದೆ. 2001ರಲ್ಲಿ ವಿಜ್ಞಾನಿಗಳಾದ ಬ್ರುಂಕೋ ಮತ್ತು ರಾಮ್ಸ್‌ಡೆಲ್ ಫಾಕ್ಸ್‌ಪಿ3 ಜೀನ್ ಹುಡುಕಿದರು. ಮೂವರಿಗೂ 2025ರ ನೊಬೆಲ್ ಬಂತು. ಈ ಜೀನ್ ಕೆಟ್ಟಿರುವ ಮಕ್ಕಳಲ್ಲಿ ದೇಹ ತನ್ನ ಮೇಲೆ ತಾನೇ ತಿರುಗಿ ಬೀಳುತ್ತದೆ. ಜೊತೆಗೆ ಎಕ್ಸಿಮಾ ಎಂಬ ಚರ್ಮದ ಉರಿಯೂತ, ಏರಿದ ಐಜಿಇ. ಬ್ರೇಕ್ ಇಲ್ಲದಿದ್ದರೆ ಅಲರ್ಜಿ ತಾನಾಗಿ ಹೊರಬರುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ನನಗೆ ತುಂಬಾ ಇಷ್ಟವಾದ ಕಥೆ ಜೇನು ಸಾಕುವವರದು. ಸ್ವಲ್ಪ ಉದ್ದವಾದರೂ ಕೇಳಿ. ಇವರು ಹಂಗಾಮಿನಲ್ಲಿ ಮತ್ತೆ ಮತ್ತೆ ಕುಟುಕಿಸಿಕೊಳ್ಳುತ್ತಾರೆ. ನಮಗೆ ಒಂದು ಕುಟುಕಿಗೇ ಮುಖ ಊದಿಕೊಳ್ಳುತ್ತದೆ, ಅವರು ಕೈ ಕೊಡವಿ ಕೆಲಸ ಮುಂದುವರಿಸುತ್ತಾರೆ! ವಿಜ್ಞಾನಿಗಳು ಅವರ ರಕ್ತವನ್ನು ಹಂಗಾಮಿಗೆ ಮೊದಲು, ನಡುವೆ, ಆಮೇಲೆ ಪರೀಕ್ಷಿಸಿದರು. 2008ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಕುಟುಕು ಶುರುವಾದ ಕೆಲವೇ ದಿನಗಳಲ್ಲಿ ವಿಷವನ್ನು ಗುರುತಿಸುವ ಟಿ ಕೋಶಗಳು ಐಎಲ್-10 ಸುರಿಸತೊಡಗುತ್ತವೆ. ಕುಟುಕು ಇರುವಷ್ಟು ಕಾಲ ಹಾಗೇ ಇರುತ್ತವೆ. ನಿಂತ ಮೇಲೆ ಎರಡು-ಮೂರು ತಿಂಗಳಲ್ಲಿ ಮೊದಲಿನಂತಾಗುತ್ತವೆ. ಎಷ್ಟು ಚೆಂದ ನೋಡಿ! ವಿಷ ಅದೇ, ಮನುಷ್ಯ ಅವನೇ. ಬದಲಾದದ್ದು ಅವನ ಕೋಶಗಳ ಉತ್ತರ. ಅಂದರೆ ಈ ಬ್ರೇಕನ್ನು ಕಲಿಸಬಹುದು. ಹುಟ್ಟಿನಿಂದಲೇ ಬಂದ ಹಣೆಬರಹ ಅಂತ ಕೈಚೆಲ್ಲಬೇಕಾಗಿಲ್ಲ.

ಅಲರ್ಜಿ ತರುವ ವಸ್ತುವನ್ನೇ ಸ್ವಲ್ಪ ಸ್ವಲ್ಪವಾಗಿ ಕೊಟ್ಟು ಅಭ್ಯಾಸ ಮಾಡಿಸುವ ಇಮ್ಯುನೊಥೆರಪಿ ಮಾಡುವುದೂ ಇದನ್ನೇ. ಬ್ರಿಟಿಷ್ ವೈದ್ಯ ಲಿಯೊನಾರ್ಡ್ ನೂನ್ 1911ರಲ್ಲೇ ಪರಾಗದ ಸಾರವನ್ನು ಚುಚ್ಚಿ ನೋಡಿದ್ದರು. ಅದು ಯಾಕೆ ಕೆಲಸ ಮಾಡುತ್ತದೆ ಅಂತ ತಿಳಿಯಲು ಎಷ್ಟೋ ದಶಕ ಹಿಡಿಯಿತು.

ಈಗ ನನಗೆ ನಿಜವಾಗಿ ಸಂಕಟ ಕೊಡುವ ವಿಷಯ. ಎಷ್ಟೋ ರೋಗಿಗಳು ಉಸಿರು ಸರಿಯಾದ ಕೂಡಲೇ ಸ್ಟೀರಾಯ್ಡ್ ಇನ್‌ಹೇಲರ್ ಬಿಟ್ಟುಬಿಡುತ್ತಾರೆ. ಶ್ವಾಸನಾಳವನ್ನು ತಕ್ಷಣ ಹಿಗ್ಗಿಸುವ ಸಾಲ್‌ಬ್ಯುಟಮಾಲ್ ಒಂದನ್ನೇ ಜೇಬಿನಲ್ಲಿ ಇಟ್ಟುಕೊಳ್ಳುತ್ತಾರೆ. ಅದು ಸ್ನಾಯು ಸಡಿಲಿಸುತ್ತದೆ, ಅಷ್ಟೇ. ಒಳಗಿನ ಉರಿಯೂತ ಹಾಗೇ ನಡೆಯುತ್ತಿರುತ್ತದೆ. ಸ್ಟೀರಾಯ್ಡ್ ಆ ಉರಿಯೂತವನ್ನು ಇಳಿಸುತ್ತದೆ, ಜೊತೆಗೆ ಟಿ ಕೋಶಗಳಿಂದ ಐಎಲ್-10 ಬರುವಂತೆಯೂ ಮಾಡುತ್ತದೆ. ಬರೀ ಸಾಲ್‌ಬ್ಯುಟಮಾಲ್ ಸಾಕಾಗುವುದಿಲ್ಲ ಅಂತ ಜಾಗತಿಕ ಆಸ್ತಮಾ ಮಾರ್ಗಸೂಚಿ 'ಜೀನಾ' 2019ರಿಂದ ಸ್ಪಷ್ಟವಾಗಿ ಹೇಳುತ್ತಿದೆ. ದಯವಿಟ್ಟು, ವೈದ್ಯರನ್ನು ಕೇಳದೆ ಸ್ಟೀರಾಯ್ಡ್ ಇನ್‌ಹೇಲರ್ ನಿಲ್ಲಿಸಬೇಡಿ.

ಸಮಯ ಆಗುತ್ತಿದೆ ಅಂತ ಚೀಟಿ ಬಂತು. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಇನ್ನೊಂದು ಸಂಕೇತ ಪ್ರೋಟೀನ್ ಟಿಜಿಎಫ್-ಬೀಟಾ ಕೂಡ ಉರಿಯೂತ ತಗ್ಗಿಸುತ್ತದೆ, ಆದರೆ ಶ್ವಾಸನಾಳದ ಗೋಡೆ ದಪ್ಪವಾಗುವುದರಲ್ಲೂ ಅದರ ಕೈ ಇದೆ. ಕೆಲವರ ಟಿ ಕೋಶಗಳು ಸ್ಟೀರಾಯ್ಡ್ ಕೊಟ್ಟರೂ ಐಎಲ್-10 ಮಾಡುವುದಿಲ್ಲ. ಪ್ರಯೋಗಾಲಯದಲ್ಲಿ ವಿಟಮಿನ್ ಡಿ ಸೇರಿಸಿದಾಗ ಮಾಡಿದವು. ಹಾಗಂತ ಮಾತ್ರೆ ನುಂಗಲು ಓಡಬೇಡಿ. ರೋಗಿಗಳ ಮೇಲಿನ ಅಧ್ಯಯನಗಳನ್ನೆಲ್ಲ ಸೇರಿಸಿ ನೋಡಿದ 2023ರ ಕಾಕ್ರೇನ್ ವಿಮರ್ಶೆಗೆ ಅಂಥ ಲಾಭ ಕಾಣಲಿಲ್ಲ.

ಹಾಗಾದರೆ ಐಎಲ್-10 ಅನ್ನೇ ಚುಚ್ಚಿದರೆ ಆಗಲ್ವಾ ಅಂತ ನೀವು ಕೇಳಬಹುದು. ಕ್ರೋನ್ಸ್ ಎಂಬ ಕರುಳಿನ ಉರಿಯೂತದ ಕಾಯಿಲೆಯಲ್ಲಿ ಹಾಗೆ ಮಾಡಿ ನೋಡಿದರು, ನಿರೀಕ್ಷಿಸಿದಷ್ಟು ಫಲ ಸಿಗಲಿಲ್ಲ. ಸಂಕೇತ ಸರಿಯಾದ ಜಾಗದಲ್ಲಿ, ಸರಿಯಾದ ಹೊತ್ತಿಗೆ, ಸರಿಯಾದ ಕೋಶದಿಂದಲೇ ಬರಬೇಕು. ಅದಕ್ಕೇ ನನ್ನ ಕಣ್ಣು ಈಗಲೂ ಆ ಜೇನು ಸಾಕುವವರ ಟಿ ಕೋಶಗಳ ಮೇಲಿದೆ. ಏನಾದರೂ ಕೇಳುವುದಿದ್ದರೆ ಕೇಳಿ.