ಇಪ್ಪತ್ತೈದು ಗಂಟೆಯ ದಿನ

ಹಡಗಿನಲ್ಲಿ ಹವಾಯಿಗೆ ಹೊರಟಿದ್ದೇನೆ ಅಂತ ಅಕ್ಕನಿಗೆ ಫೋನಿನಲ್ಲಿ ಹೇಳಿದಾಗ ಅವಳು ಕೇಳಿದ ಮೊದಲ ಮಾತು, "ಎಷ್ಟು ಊರು ತೋರಿಸ್ತಾರೋ?" ಐದು ಅಂದೆ. "ಎಷ್ಟು ದಿನ?" 15 ರಾತ್ರಿ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಯುರೋಪ್ ಪ್ಯಾಕೇಜಿನಲ್ಲಿ ಹನ್ನೆರಡು ದಿನಕ್ಕೆ ಎಂಟು ದೇಶ ನೋಡಿ ಬಂದವಳು ಅವಳು. ಲೆಕ್ಕ ಹಾಕಿ ಕೇಳಿದಳು, "ಮಿಕ್ಕ ದಿನ ಏನ್ ಮಾಡ್ತೀಯ? ನೀರು ನೋಡ್ಕೊಂಡು ಕೂರ್ತೀಯಾ?"

ಹೌದು ಕಣೇ ಅಕ್ಕ. ಅದಕ್ಕೇ ದುಡ್ಡು ಕೊಟ್ಟಿದ್ದು.

ನಮಸ್ಕಾರ. ಇವತ್ತು ನಾನು ಹೇಳೋಕೆ ಹೊರಟಿರೋದು ಕೇಳಿ ಕೆಲವರು ನಗಬಹುದು. ಕ್ರೂಸ್ ಟಿಕೆಟ್ ತೆಗೆದುಕೊಳ್ಳುವಾಗ ಎಲ್ಲರೂ ಊರುಗಳನ್ನು ಎಣಿಸುತ್ತಾರೆ. ನೀವು ಖಾಲಿ ದಿನಗಳನ್ನು ಎಣಿಸಿ. ದಡ ಕಾಣದ, ಎಲ್ಲೂ ಇಳಿಯೋಕೆ ಆಗದ ದಿನಗಳನ್ನು. ಹಳೇ ಸ್ನೇಹಿತರ ಜೊತೆ ಹೋಗೋದಾದರೆ ಅದೊಂದನ್ನೇ ಎಣಿಸಿ ಸಾಕು.

ನಾವು ನಾಲ್ಕು ಜನ. ಮೈಸೂರಿನಲ್ಲಿ ಒಂದೇ ಹಾಸ್ಟೆಲ್, ಒಂದೇ ಕಾರಿಡಾರ್. ಈಗ ನಾಲ್ಕು ದಿಕ್ಕು. ಹೆಸರು ಹೇಳಿದರೆ ಬೈಯುತ್ತಾರೆ, ಅದಕ್ಕೆ ಡಾಕ್ಟ್ರು, ಮೇಷ್ಟ್ರು, ಬ್ಯಾಂಕು ಅಂತ ಕರೆಯುತ್ತೇನೆ. ನಾನು ಕ್ಯಾಲಿಫೋರ್ನಿಯಾದಲ್ಲಿ ಇರೋನು. ಮೂರು ಸಲ ಭೇಟಿ ಆಗೋಣ ಅಂತ ಪ್ಲಾನ್ ಮಾಡಿ ಮೂರು ಸಲವೂ ಭೇಟಿ ಆಗಿದ್ದು ಮದುವೆ ಮನೆಯಲ್ಲಿ. ಮದುವೆ ಮನೆಯಲ್ಲಿ ಎಷ್ಟು ಮಾತಾಡೋಕೆ ಆಗುತ್ತೆ ಹೇಳಿ? "ಹೇಗಿದೀಯೋ, ಕೂದಲೆಲ್ಲ ಹೋಯ್ತಲ್ಲೋ" ಅನ್ನುವಷ್ಟರಲ್ಲಿ ಪಂಕ್ತಿಗೆ ಕರೆಯುತ್ತಾರೆ.

ಹೊರಟಿದ್ದು ಅಕ್ಟೋಬರ್‌ನಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಿಂದ. ಸಂಜೆ ಗೋಲ್ಡನ್ ಗೇಟ್ ಸೇತುವೆಯ ಕೆಳಗೆ ಹಾದು ಹೊರಗೆ ಬಿದ್ದರೆ ಹವಾಯಿಗೆ ಸುಮಾರು 2,000 ನಾಟಿಕಲ್ ಮೈಲಿ. ಅಂದರೆ ಹತ್ತಿರ ಹತ್ತಿರ 3,700 ಕಿಲೋಮೀಟರ್. ವಿಮಾನಕ್ಕೆ ಐದೂವರೆ ಗಂಟೆಯ ದಾರಿ. ಹಡಗಿಗೆ ನಡುವೆ ಪೂರ್ತಿ ನಾಲ್ಕು ದಿನ. ವೇಗ 18 ನಾಟ್, ಗಂಟೆಗೆ 33 ಕಿಲೋಮೀಟರ್. ಸೈಕಲ್ ಪಂದ್ಯಕ್ಕೆ ಹೋಗುವ ಹುಡುಗ ನಮ್ಮನ್ನು ಹಿಂದೆ ಹಾಕಿ ಹೋಗಬಹುದು. ಇನ್ನೂ ಜೋರಾಗಿ ಹೋಗೋಕೆ ಆಗಲ್ವಾ ಅಂದರೆ ಆಗುತ್ತೆ. ಆದರೆ ನೀರಿನಲ್ಲಿ ವೇಗ ಎರಡು ಪಟ್ಟು ಮಾಡಬೇಕಾದರೆ ಇಂಜಿನ್ನಿನ ಶಕ್ತಿ ಸುಮಾರು ಎಂಟು ಪಟ್ಟು ಬೇಕು. ಎಣ್ಣೆ ಖರ್ಚು ಯಾರಪ್ಪ ಕೊಡ್ತಾರೆ? ಅದಕ್ಕೆ ನಿಧಾನ.

ಇನ್ನೊಂದು ತಮಾಷೆ ಇದೆ. ನಮ್ಮ ಹಡಗಿನ ಹಿಂಬದಿಯಲ್ಲಿ ಹಾರುತ್ತಿದ್ದದ್ದು ಬರ್ಮುಡಾದ ಬಾವುಟ. ಅಮೆರಿಕದಲ್ಲಿ 1886ರ ಒಂದು ಕಾನೂನು ಇದೆ. ಬೇರೆ ದೇಶದ ಬಾವುಟದ ಹಡಗು ಜನರನ್ನು ಹತ್ತಿಸಿಕೊಂಡು ಬರೀ ಅಮೆರಿಕದ ಬಂದರುಗಳನ್ನೇ ಸುತ್ತಿ ವಾಪಸ್ ಬರುವ ಹಾಗಿಲ್ಲ. ನಡುವೆ ಪರದೇಶದ ಬಂದರೊಂದನ್ನು ಮುಟ್ಟಲೇಬೇಕು. ಅದಕ್ಕೆ ಹವಾಯಿಯಿಂದ ಬರುವಾಗ ನೇರ ಮನೆಗೆ ಬರದೆ ಮೆಕ್ಸಿಕೋದ ಎನ್ಸೆನಾಡಾಗೆ ಹೋಗಿ ಬರಬೇಕು. ಅಂತೂ ಹವಾಯಿಯ ನಾಲ್ಕು ಊರು, ಎನ್ಸೆನಾಡಾ ಒಂದು, ಮಿಕ್ಕ ಒಂಬತ್ತು ದಿನ ಬರೀ ನೀರು.

ಮೊದಲ ದಿನದ ಬಗ್ಗೆ ಸುಳ್ಳು ಹೇಳಲ್ಲ. ಕಷ್ಟ. ಕ್ಯಾಲಿಫೋರ್ನಿಯಾ ಕರಾವಳಿಯ ನೀರು ತಣ್ಣಗೆ, ಬೂದು ಹಸಿರು ಬಣ್ಣ. ವಾಯುವ್ಯದಿಂದ ಬರುವ ಉದ್ದನೆಯ ಅಲೆ ಹಡಗನ್ನು ಪಕ್ಕದಿಂದ ಎತ್ತಿ ಇಳಿಸುತ್ತೆ. ಹಡಗಿನ ಹೊಟ್ಟೆಯ ಎರಡೂ ಕಡೆ ಮೀನಿನ ರೆಕ್ಕೆ ತರಹ ಸ್ಟೆಬಿಲೈಸರ್ ಇರುತ್ತೆ, ಹೊರಳಾಟ ಕಮ್ಮಿ ಮಾಡುತ್ತೆ, ಪೂರ್ತಿ ನಿಲ್ಲಿಸಲ್ಲ. ಹಡಗಿನವರು ಹಸಿರು ಸೇಬು ತಿನ್ನಿ ಅಂದರು. ನಮ್ಮ ಡಾಕ್ಟ್ರು ಮಾತ್ರೆ ಕೊಟ್ಟ. ಆದರೆ ಅದೇ ಡಾಕ್ಟ್ರು ಮಧ್ಯಾಹ್ನ ಮೂಲೆಯಲ್ಲಿ ಕೂತು ನಿಂಬೆಹಣ್ಣು ಮೂಸುತ್ತಾ ಸಿಕ್ಕಿಬಿದ್ದ. ಚಾರ್ಮಾಡಿ ಘಾಟಿ ಬಸ್ಸಿನಲ್ಲಿ ಅವರಮ್ಮ ಕೊಡುತ್ತಿದ್ದ ಔಷಧಿ ಅದು. ಎಂಬಿಬಿಎಸ್, ಎಂಡಿ ಎಲ್ಲ ಮುಗಿದ ಮೇಲೆ ಉಳಿಯೋದು ಅದೇ.

ಮೂರನೆಯ ದಿನ ಬೆಳಿಗ್ಗೆ ಡೆಕ್ಕಿಗೆ ಬಂದರೆ ಬೇರೆಯೇ ಸಮುದ್ರ. ಜಾಕೆಟ್ ಬೇಡ. ನೀರು ಕಡು ನೀಲಿ. ನೀಲಿ ಅಂದರೆ ಇಂಕ್ ಪೆನ್ನಿಗೆ ತುಂಬುತ್ತಿದ್ದೆವಲ್ಲ, ಆ ನೀಲಿ. ಕೆಳಗೆ ನಾಲ್ಕೈದು ಕಿಲೋಮೀಟರ್ ಆಳ. ಸುತ್ತ ಒಂದು ಹಡಗಿಲ್ಲ, ಒಂದು ದೀಪ ಇಲ್ಲ. ಮೇಷ್ಟ್ರು ಬೇಲಿ ಹಿಡಿದು ಕಾಲು ಗಂಟೆ ನಿಂತ. ಆಮೇಲೆ, "ಇಷ್ಟೊಂದು ಜಾಗ ಸುಮ್ನೆ ಬಿದ್ದಿದೆಯಲ್ಲೋ" ಅಂದ. ಬೆಂಗಳೂರಿನಲ್ಲಿ ಮೂವತ್ತು ನಲವತ್ತರ ಸೈಟಿಗೆ ಹದಿನೆಂಟು ವರ್ಷ ಕಂತು ಕಟ್ಟಿದವನು ಅವನು.

ಈ ದಿನವನ್ನು ಹಾಗೇ ಬಿಡೋಕೆ ಹಡಗಿನವರಿಗೆ ಇಷ್ಟವಿಲ್ಲ. ಹಿಂದಿನ ರಾತ್ರಿಯೇ ಕಾರ್ಯಕ್ರಮದ ಪಟ್ಟಿ ಬರುತ್ತೆ. ಒಂಬತ್ತಕ್ಕೆ ಕ್ವಿಜ್, ಹತ್ತಕ್ಕೆ ಹುಲಾ ನೃತ್ಯ ಪಾಠ, ಹನ್ನೊಂದಕ್ಕೆ ಉಕುಲೇಲೆ ಅನ್ನೋ ಪುಟ್ಟ ಗಿಟಾರಿನ ಪಾಠ, ಆಮೇಲೆ ಬಿಂಗೋ, ನಡುವೆ ವಾಚು ಸರದ ಸೇಲ್. ಬಂದರಿನಲ್ಲಿ ನಿಂತಾಗ ಮುಚ್ಚಿರುವ ಕ್ಯಾಸಿನೋ, ಅಂಗಡಿ ಎಲ್ಲ ಸಮುದ್ರದ ದಿನ ತೆರೆದಿರುತ್ತೆ. ಖಾಲಿ ದಿನ ಅವರಿಗೆ ವ್ಯಾಪಾರದ ದಿನ. ತಪ್ಪೇನಿಲ್ಲ, ಆದರೆ ಆ ಪಟ್ಟಿ ಹಿಡಿದು ಓಡಾಡಿದರೆ ನೀವು ಅಕ್ಕನ ಪ್ಯಾಕೇಜ್ ಟೂರನ್ನೇ ನೀರಿನ ಮೇಲೆ ಮಾಡಿದ ಹಾಗೆ. ನಾವು ಉಕುಲೇಲೆಗೆ ಒಂದು ದಿನ ಹೋದೆವು. ಬ್ಯಾಂಕು ಬಾರಿಸಿದ್ದು ಕೇಳಿದ ಮೇಲೆ ಎಲ್ಲರ ಒಪ್ಪಿಗೆ ಪಡೆದು ಬಿಟ್ಟೆವು.

ಪಟ್ಟಿ ಬಿಟ್ಟ ಮೇಲೆ ಏನು ಮಾಡಿದೆವು? ಮೇಷ್ಟ್ರ ಹೆಂಡತಿ ಒಂದು ಬಟ್ಟೆಯ ಮೇಲೆ ಚೌಕಾಬಾರದ ಮನೆ ಹೊಲಿದು ಕಳಿಸಿದ್ದರು. ಐದು ಸಾಲು, ಐದು ಮನೆ. ನಾಲ್ಕು ಜನಕ್ಕೆ ಹೇಳಿ ಮಾಡಿಸಿದ ಆಟ. ಕವಡೆ ಬದಲು ನಾಲ್ಕು ಹುಣಸೆಬೀಜ, ಒಂದು ಬದಿ ನೆಲಕ್ಕೆ ಉಜ್ಜಿ ಬಿಳಿ ಮಾಡಿದ್ದು. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕೂ ಕಪ್ಪು ಬಿದ್ದರೆ ಬಾರ. ಡೆಕ್ಕಿನ ಮೂಲೆಯ ಟೇಬಲ್ಲಿನಲ್ಲಿ ಬೆಳಿಗ್ಗೆ ಹರಡಿದರೆ ಊಟಕ್ಕೆ ಏಳೋದು. ಹಡಗು ಹೊರಳಿದಾಗ ಬೀಜವೂ ಹೊರಳುತ್ತೆ. ಚೌಕ ಬಿದ್ದಿತ್ತು, ಅಲೆ ಬಂದು ಮೂರಾಯಿತು. ಈಗ ಯಾವುದು ಲೆಕ್ಕ? ಡಾಕ್ಟ್ರು ಅಂದ, ಬಿದ್ದಾಗ ಇದ್ದದ್ದು. ಬ್ಯಾಂಕು ಅಂದ, ನಿಂತಾಗ ಇರೋದು. ಒಂದು ಗಂಟೆ ಜಗಳ. ಅದರ ನಡುವೆ ಹಾಸ್ಟೆಲ್ ಮೆಸ್ಸಿನ ಯಾವುದೋ ಹಳೇ ಬಾಕಿ ಹೊರಗೆ ಬಂತು. ಆಮೇಲೆ ಮೇಷ್ಟ್ರು, ಯಾರೂ ಕೇಳದೆ, ಅವರಪ್ಪ ತೀರಿಕೊಂಡ ವರ್ಷದ ಬಗ್ಗೆ ಮಾತಾಡೋಕೆ ಶುರು ಮಾಡಿದ. ನಮಗೆ ಸುದ್ದಿ ಗೊತ್ತಿತ್ತು. ಆ ವರ್ಷ ಹೇಗೆ ಕಳೆದ ಅನ್ನೋದು ಗೊತ್ತಿರಲಿಲ್ಲ. ಮೂರು ದಿನ ಒಂದೇ ಟೇಬಲ್ಲಿನಲ್ಲಿ ಕೂತ ಮೇಲೆ ಬಂದ ಮಾತು ಅದು. ಹೊನೊಲುಲುವಿನ ಬಸ್ಸಿನಲ್ಲಿ, ಗೈಡ್ ಮೈಕ್ ಹಿಡಿದು ನಿಂತಿರುವಾಗ ಬರುತ್ತಿರಲಿಲ್ಲ.

ಪಶ್ಚಿಮಕ್ಕೆ ಹೋಗುವ ಹಡಗಿನಲ್ಲಿ ಇನ್ನೊಂದು ಲಾಭ ಇದೆ. ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾಗೂ ಹವಾಯಿಗೂ ಮೂರು ಗಂಟೆ ವ್ಯತ್ಯಾಸ. ವಿಮಾನ ಆ ಮೂರು ಗಂಟೆಯನ್ನು ಒಂದೇ ಸಲ ತಲೆಗೆ ಹೊಡೆಯುತ್ತೆ. ಹಡಗು ಒಂದೊಂದಾಗಿ ಕೊಡುತ್ತೆ. "ಇವತ್ತು ರಾತ್ರಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಇಟ್ಟುಕೊಳ್ಳಿ" ಅಂತ ಚೀಟಿ ಬರುತ್ತೆ. ಹಾಗೆ ಮೂರು ಸಲ. ಬರುವಾಗ ಬಡ್ಡಿಯಿಲ್ಲದೆ ಅಷ್ಟನ್ನೂ ವಾಪಸ್ ಕಿತ್ತುಕೊಳ್ಳುತ್ತಾರೆ, ಅದು ಬೇರೆ ಮಾತು.

ಈ ಲಾಭದಿಂದ ಹಾಳಾಗಿದ್ದು ನಮ್ಮ ಬ್ಯಾಂಕು. ಅವನೊಬ್ಬ ಇಂಟರ್ನೆಟ್ ಪ್ಯಾಕ್ ತೆಗೆದುಕೊಂಡಿದ್ದ. ಮುಂಬಯಿ ಷೇರುಪೇಟೆ ಬೆಳಿಗ್ಗೆ 9:15ಕ್ಕೆ ತೆರೆದರೆ ಕ್ಯಾಲಿಫೋರ್ನಿಯಾದಲ್ಲಿ ಹಿಂದಿನ ರಾತ್ರಿ 8:45. ಗಡಿಯಾರ ಹಿಂದೆ ಸರಿದ ಹಾಗೆಲ್ಲ ಅವನ ಪೇಟೆ ಮುಂಚೆ ಮುಂಚೆ ತೆರೆಯಿತು. ಮೂರನೆಯ ದಿನಕ್ಕೆ 6:45. ಸೂರ್ಯ ಮುಳುಗುವ ಹೊತ್ತಿಗೂ ಪೇಟೆ ತೆರೆಯುವ ಮುಂಚಿನ ಪೂರ್ವಭಾವಿ ವ್ಯವಹಾರಕ್ಕೂ ಸರಿಯಾಗಿ ಗಂಟು ಬಿತ್ತು. ಡೆಕ್ಕಿನ ತುಂಬ ಜನ ಹಸಿರು ಮಿಂಚಿಗೆ ಕಾಯುತ್ತಿದ್ದಾರೆ. ಸೂರ್ಯನ ಕೊನೆಯ ಚೂರು ಮುಳುಗುವಾಗ ಗಾಳಿಯ ಪದರ ಬೆಳಕಿನ ಬಣ್ಣಗಳನ್ನು ಬೇರೆ ಬೇರೆಯಾಗಿ ಬಗ್ಗಿಸಿ, ಅದೃಷ್ಟ ಇದ್ದರೆ ಒಂದೆರಡು ಸೆಕೆಂಡು ಹಸಿರು ಕಾಣುತ್ತೆ. ಇವನು ಬಗ್ಗಿ ಫೋನ್ ನೋಡುತ್ತಿದ್ದ. ಅವನ ಪರದೆಯಲ್ಲೂ ಹಸಿರು ಬರಲಿಲ್ಲ, ಎಲ್ಲ ಕೆಂಪು. ಮೇಷ್ಟ್ರು ಮಾತ್ರ ತಾನು ಹಸಿರು ಕಂಡೆ ಅಂತ ಇವತ್ತಿಗೂ ವಾದಿಸುತ್ತಾನೆ. ನನಗೆ ಕಾಣಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ವಾದಕ್ಕೆ ಎದುರಾಗಿರೋ ಒಂದು ವಿಷಯವನ್ನೂ ಹೇಳಬೇಕು. ಅಷ್ಟು ದೊಡ್ಡ ಹಡಗು ಸುಡುವ ಎಣ್ಣೆಗೆ ನನ್ನ ಹತ್ತಿರ ಸಮರ್ಥನೆ ಇಲ್ಲ. ಅದು ಹಾಗಿರಲಿ, ನಾನು ಹೇಳೋಕೆ ಹೊರಟಿದ್ದು ಇನ್ನೊಂದು. ನಮ್ಮ ಟೇಬಲ್ಲಿಗೆ ಬಡಿಸುತ್ತಿದ್ದ ಹುಡುಗ ಮಂಗಳೂರಿನವನು. ಎರಡನೆಯ ದಿನ ನಾವು ತಟ್ಟೆಗೆ ಚಟ್ನಿಪುಡಿ ಸುರಿದುಕೊಳ್ಳೋದು ನೋಡಿ, "ಸರ್, ಕನ್ನಡವಾ?" ಅಂದ. ಅವತ್ತಿನಿಂದ ಚಟ್ನಿಪುಡಿಯಲ್ಲಿ ಅವನಿಗೂ ಪಾಲು. ಎಂಟು ತಿಂಗಳ ಕಾಂಟ್ರಾಕ್ಟ್, ವಾರದ ರಜೆ ಅಂತ ಇಲ್ಲ. ಹಡಗಿನ ಕೆಲಸಗಾರರಿಗೆ ದಿನಕ್ಕೆ ಕನಿಷ್ಠ 10 ಗಂಟೆ ವಿಶ್ರಾಂತಿ ಕೊಡಲೇಬೇಕು ಅಂತ 2006ರ ಅಂತರರಾಷ್ಟ್ರೀಯ ಒಪ್ಪಂದ ಹೇಳುತ್ತೆ. ಅಂದರೆ ಮಿಕ್ಕ 14 ಗಂಟೆ ದುಡಿಸಬಹುದು ಅಂತ ತಾನೇ?

ಸಮುದ್ರದ ದಿನ ಎಷ್ಟು ಚೆನ್ನಾಗಿದೆ ಅಂತ ನಾನು ಅವನ ಮುಂದೆ ಹೊಗಳುತ್ತಿದ್ದೆ. ಅವನು ಲೋಟ ಎತ್ತುತ್ತಾ ನಕ್ಕ. "ನಿಮಗೆ ಚೆನ್ನಾಗಿರ್ತದೆ ಸರ್. ಎಲ್ಲರೂ ಒಳಗೇ ಇರ್ತಾರಲ್ಲ, ಬೆಳಿಗ್ಗೆಯಿಂದ ತಿಂತಾನೇ ಇರ್ತಾರೆ. ಪೋರ್ಟ್ ಬಂದ್ರೆ ನೀವೆಲ್ಲ ಇಳಿದು ಹೋಗ್ತೀರಿ. ಅವತ್ತು ನಮಗೆ ಸ್ವಲ್ಪ ಉಸಿರು."

ನಾನು ಖಾಲಿ ದಿನ ಅಂತ ಇಷ್ಟು ಹೊತ್ತು ಕರೆದದ್ದು ಯಾರಿಗೆ ಖಾಲಿ? ಉತ್ತರ ನನ್ನ ಹತ್ತಿರ ಇಲ್ಲ. ನನ್ನ ಅಭಿಪ್ರಾಯವೂ ಬದಲಾಗಿಲ್ಲ, ಮತ್ತೆ ಹೋದರೆ ಖಾಲಿ ದಿನವನ್ನೇ ಎಣಿಸುತ್ತೇನೆ. ಆದರೆ ಆಮೇಲೆ ನಾವು ಮಧ್ಯಾಹ್ನದ ಊಟವಾದ ಮೇಲೆ ಟೇಬಲ್ ಹಿಡಿದು ಕೂರೋದು ಬಿಟ್ಟು ಡೆಕ್ಕಿಗೆ ಎದ್ದು ಹೋಗೋಕೆ ಶುರು ಮಾಡಿದೆವು. ಅವನಿಗೆ ಹತ್ತು ನಿಮಿಷ ಉಳಿದಿರಬಹುದು, ಅಷ್ಟೇ.

ನಾಲ್ಕನೆಯ ರಾತ್ರಿ ಕೊನೆಯ ಸಲ ಗಡಿಯಾರ ಹಿಂದಕ್ಕೆ ಹೋಯಿತು. ಬೆಳಗಾದರೆ ಹವಾಯಿಯ ಹೀಲೋ ಬಂದರು. ಹನ್ನೆರಡು ಹೊಡೆದಿತ್ತು, ನಾವು ಹನ್ನೊಂದು ಮಾಡಿಕೊಂಡೆವು. ಡಾಕ್ಟ್ರಿಗೆ ಒಂದೇ ಕಾಯಿ ಬಾಕಿ, ಬಾರ ಬಿದ್ದರೆ ಹಣ್ಣು. ಬೀಜ ಹಾಕಿದ. ಮೂರು ಬೀಜ ಬಟ್ಟೆಯ ಮೇಲೆ ಕಪ್ಪಾಗಿ ನಿಂತವು. ನಾಲ್ಕನೆಯದು ಟೇಬಲ್ಲಿನ ಅಂಚಿಗೆ ಉರುಳಿ ಕೆಳಗೆ ಬಿತ್ತು. ನಾಲ್ಕೂ ಜನ ಫೋನಿನ ಟಾರ್ಚ್ ಹಾಕಿಕೊಂಡು, ಮಂಡಿಯೂರಿ ಡೆಕ್ಕಿನ ಹಲಗೆಯ ಸಂದಿಯಲ್ಲಿ ಹುಡುಕಿದೆವು. ಸಿಗಲಿಲ್ಲ. ಮಿಕ್ಕಿದ್ದ ಆ ಒಂದು ಗಂಟೆ ಪೂರ್ತಿ ಅದಕ್ಕೇ ಹೋಯಿತು.