ಕೆಂಪಡಿಕೆ ಕಾರು, ಚಾಲಿ ಬೈಕು

ಬೆಳಿಗ್ಗೆ ಐದೂ ಮುಕ್ಕಾಲು. ಶಿರಸಿ ಹತ್ತಿರ ನಮ್ಮ ಅಕ್ಕನ ಮನೆ. ಈಗ ಬೆಳ್ಳಗೆ ಕಾಣುತ್ತಿರುವುದು ಮಂಜು, ಅದರ ಕೆಳಗೆ ಕೆಂಪಗೆ ಕಾಣುತ್ತಿರುವುದು ಅಡಿಕೆ. ಕೊಯ್ಲು ಶುರುವಾಗಿದೆ, ಅಂಗಳದಲ್ಲಿ ಕಾಲಿಡಲೂ ಜಾಗವಿಲ್ಲ. ಒಂದು ಮೂಲೆಯಲ್ಲಿ ಭಾವನ ಸ್ವಿಫ್ಟ್ ಕಾರು, ಪಕ್ಕದಲ್ಲಿ ನನ್ನ ಡ್ಯೂಕ್ 390 ಬೈಕು.

ಮುಂದಿನ ತಿಂಗಳು ನಾವು ಕೊಯಮತ್ತೂರಿಗೆ ಹೊರಟಿದ್ದೇವೆ. ಅಲ್ಲಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ಗಾಡಿ ಓಡಿಸಬೇಕು ಅನ್ನುವುದು ಭಾವನ ಬಹಳ ದಿನದ ಆಸೆ. ಸುಮಾರು 2.1 ಕಿಲೋಮೀಟರಿನ ಪುಟ್ಟ ರೇಸ್ ಟ್ರ್ಯಾಕ್ ಅದು. ನಾನು ಬೈಕಿನಲ್ಲಿ ಟ್ರ್ಯಾಕಿಗೆ ಇಳಿದಿದ್ದೇನೆ, ಭಾವನಿಗೆ ಇದೇ ಮೊದಲು. ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಅವನು ಹೇಳಿದ, "ಇಬ್ಬರೂ ಒಟ್ಟಿಗೇ ಟ್ರ್ಯಾಕಿಗೆ ಇಳಿಯೋಣ. ನೀನು ಮುಂದೆ, ನಾನು ಹಿಂದೆ. ನಿನ್ನ ವಿಡಿಯೋ ಎಷ್ಟು ಚಂದ ಬರ್ತದೆ ನೋಡು."

ನಾನು ಬೇಡ ಅಂದೆ. ಭಾವನಿಗೆ ಸ್ವಲ್ಪ ಬೇಜಾರಾಯಿತು. ನನ್ನ ಡ್ರೈವಿಂಗ್ ಮೇಲೆ ನಂಬಿಕೆ ಇಲ್ವಾ ಅಂತ ಕೇಳಿದ. ವಿಷಯ ನಂಬಿಕೆಯದ್ದಲ್ಲ. ಅದನ್ನು ಅವನಿಗೆ ಹೇಗೆ ಹೇಳಿದೆ ಅನ್ನುವುದೇ ಇವತ್ತಿನ ವಿಡಿಯೋ.

ಮೊದಲು ನಾನೇ ಕಣ್ಣಾರೆ ಕಂಡದ್ದು ಹೇಳುತ್ತೇನೆ. ಎರಡು ವರ್ಷದ ಹಿಂದೆ ಒಂದು ಟ್ರ್ಯಾಕ್ ಡೇಗೆ, ಅಂದರೆ ನಮ್ಮಂಥವರು ನಮ್ಮದೇ ಗಾಡಿಯನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನಕ್ಕೆ, ಹೋಗಿದ್ದೆ. ಎಲ್ಲಿ, ಯಾರು ನಡೆಸಿದ್ದು ಅನ್ನುವುದು ಬೇಡ. ದಿನವಿಡೀ ಕಾರಿಗೆ ಬೇರೆ ಸೆಷನ್, ಬೈಕಿಗೆ ಬೇರೆ ಸೆಷನ್ ಚೆನ್ನಾಗಿಯೇ ನಡೆಯಿತು. ಸಂಜೆ ಹೊತ್ತು ಮೀರಿತು ಅಂತ ಕೊನೆಯ ಅರ್ಧ ಗಂಟೆ ಎಲ್ಲರನ್ನೂ ಒಟ್ಟಿಗೆ ಬಿಟ್ಟರು. ನಾನೂ ಇಳಿದೆ. ಇಳಿಯಬಾರದಿತ್ತು.

ಮೂರನೇ ಸುತ್ತಿನಲ್ಲಿ ಒಂದು ಕಾರಿನ ಎರಡು ಚಕ್ರ ತಿರುವಿನಿಂದಾಚೆ ಮಣ್ಣಿಗೆ ಇಳಿದವು. ಕಾರಿಗೆ ಏನೂ ಆಗಲಿಲ್ಲ. ಸ್ವಲ್ಪ ಅಲುಗಾಡಿತು, ಮತ್ತೆ ಟ್ರ್ಯಾಕ್ ಹತ್ತಿತು, ಹೋಯಿತು. ಆದರೆ ಚಕ್ರದ ಜೊತೆ ಬಂದ ಜಲ್ಲಿ, ಮಣ್ಣು ಎಲ್ಲ ಟಾರಿನ ಮೇಲೆ ಉಳಿಯಿತು. ನನ್ನ ಮುಂದಿದ್ದ ಹುಡುಗ ಬೈಕ್ ವಾಲಿಸಿಕೊಂಡು ಅದರ ಮೇಲೆ ಬಂದ. ಮುಂದಿನ ಟೈರ್ ಜಾರಿತು ಅನ್ನುವಷ್ಟರಲ್ಲಿ ಬೈಕ್ ಒಂದು ಕಡೆ, ಅವನು ಒಂದು ಕಡೆ. ಬೈಕ್ ಹುಲ್ಲಿಗೆ ಹೋಯಿತು. ಅವನು ಟ್ರ್ಯಾಕಿನ ನಡುವೆಯೇ ಬಿದ್ದಿದ್ದ. ನನ್ನ ಹಿಂದೆ ಇನ್ನೊಂದು ಕಾರಿತ್ತು. ಟ್ರ್ಯಾಕ್ ಪಕ್ಕ ಕಾವಲಿದ್ದ ಮಾರ್ಷಲ್ ಹಳದಿ ಬಾವುಟ ಬೀಸಿದ್ದನ್ನು ಆ ಕಾರಿನವರು ನೋಡಿ ತಕ್ಷಣ ಆಕ್ಸಿಲರೇಟರಿನಿಂದ ಕಾಲು ತೆಗೆದರು. ಹುಡುಗ ಎದ್ದು ಕುಂಟುತ್ತಾ ಆಚೆ ಹೋದ.

ನನಗೆ ಈಗಲೂ ನೆನಪಿರುವುದು ಆ ಟೈರಿನ ಸದ್ದು. ಕಾರಿನಲ್ಲಿರುವವರು ತಪ್ಪು ಮಾಡಿದರೆ ಅವರ ಸುತ್ತ ಒಂದು ಪೆಟ್ಟಿಗೆ ಇರುತ್ತದೆ. ಬೈಕಿನವರು ಬಿದ್ದರೆ ಟ್ರ್ಯಾಕಿನ ಮೇಲೆಯೇ ಇರುತ್ತಾರೆ. ಭಾವನ ಕಾರು ಸುಮಾರು 900 ಕೆ.ಜಿ. ನನ್ನ ಬೈಕ್ ಸುಮಾರು 170. ನನ್ನ ಟೈರ್ ನೆಲಕ್ಕೆ ತಾಗುವ ಜಾಗ ಎಷ್ಟಿದೆ ಗೊತ್ತಾ? ಇಲ್ಲಿ ನೋಡಿ, ಹೆಚ್ಚುಕಡಿಮೆ ನನ್ನ ಅಂಗೈಯಷ್ಟು. ಆ ಅಂಗೈ ಕೆಳಗೆ ನಾಲ್ಕು ಹರಳು ಸಾಕು.

ಇಷ್ಟು ಹೇಳಿದರೂ ಭಾವನದು ಒಂದೇ ಮಾತು. "ಅಂವ ಮಣ್ಣಿಗೆ ಇಳಿಸಿದ, ಅವನ ತಪ್ಪು. ನಾನು ಸರಿಯಾಗಿ ಓಡಿಸ್ತೆ." ಆಗ ನಾನು ಅಂಗಳಕ್ಕೆ ಹೋದೆ.

ಈ ಶಾಟ್ ಅಕ್ಕ ಮೇಲಿನ ಜಗಲಿಯಿಂದ ತೆಗೆದದ್ದು. ಒಂದು ಮೂಲೆಯ ಅಡಿಕೆ ಸರಿಸಿ, ಸೀಮೆಸುಣ್ಣದಲ್ಲಿ ಒಂದು ಬಲ ತಿರುವು ಬರೆದೆ. ಚೀಲದಲ್ಲಿ ಹೋದ ವರ್ಷದ ಚಾಲಿ, ಅಂದರೆ ಒಣಗಿಸಿ ಸುಲಿದ ಬಿಳಿ ಅಡಿಕೆ, ಇತ್ತು. ಅಂಗಳದಲ್ಲಿ ಈ ವರ್ಷದ ಕೆಂಪಡಿಕೆ ಇತ್ತು. ಕೆಂಪು ಕಾರಿಗೆ, ಬಿಳಿ ಚಾಲಿ ಬೈಕಿಗೆ.

ಮೊದಲು ಕೆಂಪು ಸಾಲಿಟ್ಟೆ. ಕಾರು ತಿರುವಿಗೆ ಹೊರಗಿನಿಂದ ಬರುತ್ತದೆ, ನಿಧಾನಕ್ಕೆ ಒಳಗೆ ಬಾಗುತ್ತದೆ, ನಡುವಿನಲ್ಲಿ ಒಳ ಅಂಚು ಮುಟ್ಟಿ ಮತ್ತೆ ಹೊರಗೆ ಹೋಗುತ್ತದೆ. ದುಂಡಗೆ, ಒಂದೇ ಸಮನೆ. ನಾಲ್ಕು ಟೈರಿನ ಹಿಡಿತ ಇದೆ, ತಿರುವಿನ ನಡುವೆಯೂ ವೇಗ ಉಳಿಸಿಕೊಳ್ಳಬಹುದು.

ಆಮೇಲೆ ಬಿಳಿ ಸಾಲು. ಬೈಕ್ ಹಾಗೆ ಹೋಗುವುದಿಲ್ಲ. ನಾನು ಬೈಕನ್ನು ನೆಟ್ಟಗೆ ಇಟ್ಟುಕೊಂಡೇ ಬ್ರೇಕ್ ಹಿಡಿಯುತ್ತೇನೆ, ಹೊರ ಅಂಚಿನಲ್ಲೇ ಇನ್ನೂ ಮುಂದೆ ಹೋಗುತ್ತೇನೆ, ಕಾರು ತಿರುಗುವ ಜಾಗ ದಾಟಿದ ಮೇಲೆ ಒಮ್ಮೆಲೇ ವಾಲಿ ಒಳಗೆ ಬರುತ್ತೇನೆ. ಒಳ ಅಂಚನ್ನು ಕಾರಿಗಿಂತ ತಡವಾಗಿ ಮುಟ್ಟುತ್ತೇನೆ. ಬೇಗ ಬೈಕ್ ಎಬ್ಬಿಸಿ ಆಕ್ಸಿಲರೇಟರ್ ಕೊಡಬೇಕಲ್ಲ, ಅದಕ್ಕೆ.

ಎರಡು ಸಾಲು ಮುಗಿದಾಗ ಅಕ್ಕ ಕೆಳಗೆ ಬಂದಳು. ಏನೂ ಮಾತಾಡದೆ ಬಗ್ಗಿ, ಕೆಂಪು ಮತ್ತು ಬಿಳಿ ಒಂದನ್ನೊಂದು ಹಾಯುವ ಕಡೆ ಬೆರಳಿಟ್ಟಳು. "ಇಲ್ಲಿ?"

ಹೌದು, ಅಲ್ಲೇ. ಈ ಜಾಗವನ್ನು ಹತ್ತಿರದಿಂದ ತೋರಿಸುತ್ತೇನೆ. ಭಾವ ನನ್ನ ಹಿಂದೆ ಬರುತ್ತಿದ್ದಾನೆ ಅಂದುಕೊಳ್ಳಿ. ನಾನು ಹೊರಗಿದ್ದೇನೆ, ಇನ್ನೂ ತಿರುಗಿಲ್ಲ. ಅವನ ಕಣ್ಣಿಗೆ ತಿರುವಿನ ಒಳಗೆಲ್ಲ ಖಾಲಿ. ಕಾರಿನವರ ಲೆಕ್ಕದಲ್ಲಿ ಅದು ದಾರಿ ಬಿಟ್ಟ ಹಾಗೆ. ಅವನು ಸಂತೋಷದಿಂದ ಒಳಗೆ ನುಗ್ಗುತ್ತಾನೆ. ಅದೇ ಹೊತ್ತಿಗೆ ನಾನು ವಾಲುತ್ತೇನೆ. ವಾಲಿದ ಮೇಲೆ ನನಗೆ ದಾರಿ ಬದಲಿಸುವುದು ಕಷ್ಟ. ಗಾಬರಿಯಾಗಿ ಬ್ರೇಕ್ ಹಿಡಿದರೆ ಬೀಳುತ್ತೇನೆ. ಟ್ರ್ಯಾಕಿಗೆ ಬೈಕ್ ಒಯ್ಯುವಾಗ ಕನ್ನಡಿ ಬಿಚ್ಚುತ್ತೇವೆ ಅಥವಾ ಟೇಪ್ ಸುತ್ತುತ್ತೇವೆ, ಹಾಗಾಗಿ ಅವನು ಬಂದದ್ದೂ ನನಗೆ ಗೊತ್ತಾಗುವುದಿಲ್ಲ. ಬ್ರೇಕ್ ಲೈಟಿಗೂ ಟೇಪ್ ಇರುತ್ತದೆ, ನಾನು ಬ್ರೇಕ್ ಹಿಡಿದದ್ದೂ ಅವನಿಗೆ ಗೊತ್ತಾಗುವುದಿಲ್ಲ. ಇಬ್ಬರೂ ಸರಿಯಾಗಿಯೇ ಓಡಿಸಿದ್ದೇವೆ. ಆದರೂ ಡಿಕ್ಕಿ.

ಭಾವ ಕುಕ್ಕರುಗಾಲಿನಲ್ಲಿ ಕೂತು ತುಂಬ ಹೊತ್ತು ನೋಡಿದ. ಒಂದು ಕೆಂಪಡಿಕೆ ತೆಗೆದು ಹಿಂದೆ ಇಟ್ಟ, ಮತ್ತೆ ಮುಂದೆ ಇಟ್ಟ. ಆಮೇಲೆ ಕೇಳಿದ, "ನಾನು ನಿನ್ನನ್ನು ನೋಡ್ತಾ ಇರ್ತೆ ಅಲ್ದಾ?"

ಅದಕ್ಕೂ ಒಂದು ಪರೀಕ್ಷೆ ಮಾಡಿದೆವು. ಗೇಟಿನಾಚೆಯ ಮಣ್ಣು ರಸ್ತೆ ಇದು. ಭಾವ ಕಾರಿನಲ್ಲಿ ಕೂತಿದ್ದಾನೆ, ಇಂಜಿನ್ ಬಂದ್. ನಾನು ಇಪ್ಪತ್ತು ಹೆಜ್ಜೆ ದೂರದಲ್ಲಿ, ಅವನ ಬಲಕ್ಕೆ, ಬೈಕ್ ತಳ್ಳಿಕೊಂಡು ಹೊರಟೆ. ಮುಂದಿನ ಗಾಜಿಗೂ ಬಾಗಿಲಿಗೂ ನಡುವೆ ಕಬ್ಬಿಣದ ಕಂಬ ಇರುತ್ತದಲ್ಲ, ಅದರ ನೇರಕ್ಕೆ ಬಂದಾಗ ಒಳಗಿನಿಂದ ಕೂಗಿದ, "ಕೂಸೇ, ಎಲ್ಲಿದ್ದೆ? ಕಾಣ್ತಿಲ್ಲೆ!" ಬೈಕ್, ನಾನು, ಹೆಲ್ಮೆಟ್ ಎಲ್ಲ ಆ ಕಂಬದ ಹಿಂದೆ ಅಡಗಿದ್ದೆವು. ಇದು ನಿಂತ ಕಾರು, ಹಗಲು ಬೆಳಕು. ತಿರುವಿನಲ್ಲಿ ಕಾರು ತಿರುಗಿದ ಹಾಗೆ ಕಂಬವೂ ಜೊತೆಗೇ ತಿರುಗುತ್ತದೆ, ನಾನು ಅದರ ಹಿಂದೆಯೇ ಉಳಿದುಬಿಡಬಹುದು.

ಭಾವ ಕಾರಿನಿಂದ ಇಳಿದು ಬಂದು ಆ ಕಂಬವನ್ನು ಒಮ್ಮೆ ಕೈಯಿಂದ ಮುಟ್ಟಿ ನೋಡಿದ. ಆಮೇಲೆ ವಾದ ಮಾಡಲಿಲ್ಲ.

ಜಗತ್ತಿನಲ್ಲಿ ಕಾರು, ಬೈಕ್ ಎರಡನ್ನೂ ಒಟ್ಟಿಗೆ ಟ್ರ್ಯಾಕಿಗೆ ಬಿಡುತ್ತಿದ್ದ ದೊಡ್ಡ ಜಾಗ ಅಂದರೆ ಜರ್ಮನಿಯ ನ್ಯೂರ್ಬರ್ಗ್‌ರಿಂಗ್. 1927ರಲ್ಲಿ ಶುರುವಾದದ್ದು. ಅದರ ಉತ್ತರದ ಸುತ್ತು 20 ಕಿಲೋಮೀಟರಿಗೂ ಜಾಸ್ತಿ. ಅಲ್ಲಿ ಟಿಕೆಟ್ ತೆಗೆದುಕೊಂಡು ಯಾರು ಬೇಕಾದರೂ ಓಡಿಸುವ ದಿನಗಳಿವೆ. ಬಲಕ್ಕೆ ಇರಬೇಕು, ಎಡದಿಂದ ಮಾತ್ರ ಹಿಂದಿಕ್ಕಬೇಕು ಅಂತ ಕಟ್ಟುನಿಟ್ಟು. ಕಾರು, ಬೈಕ್ ಎಷ್ಟೋ ವರ್ಷ ಜೊತೆಗೇ ಓಡಿದವು. ಕೊನೆಗೆ 2025ರಿಂದ ಆ ಸಾರ್ವಜನಿಕ ದಿನಗಳಲ್ಲಿ ಬೈಕ್ ಬೇಡ ಅಂತ ನಿಲ್ಲಿಸಿದರು. ಬೈಕಿನವಳಾಗಿ ನನಗೆ ಅದು ನೋವಿನ ಸುದ್ದಿ, ಆದರೆ ತಪ್ಪು ತೀರ್ಮಾನ ಅಂತ ಹೇಳಲಾರೆ. ನಮ್ಮಲ್ಲೂ ನೋಡಿ, ನೊಯ್ಡಾ ಪಕ್ಕದ ಬುದ್ಧ್ ಟ್ರ್ಯಾಕಿನಲ್ಲಿ 2011ರಲ್ಲಿ ಫಾರ್ಮುಲಾ ಒನ್ ಕಾರು ರೇಸ್ ನಡೆಯಿತು, 2023ರಲ್ಲಿ ಮೋಟೋಜಿಪಿ ಬೈಕ್ ರೇಸ್ ನಡೆಯಿತು. ಟ್ರ್ಯಾಕ್ ಒಂದೇ. ಹೊತ್ತು ಬೇರೆ ಬೇರೆ.

ಹೊತ್ತು ಬೇರೆಯಾದರೂ ಟ್ರ್ಯಾಕ್ ಒಂದೇ ಆದ್ದರಿಂದ ಕಾರಿನವರು ಬಿಟ್ಟುಹೋದದ್ದು ನಮಗೆ ಸಿಗುತ್ತದೆ. ಭಾವನಿಗೆ ಇದನ್ನು ಎರಡೆರಡು ಸಲ ಹೇಳಿದೆ. ಕಾರಿನಿಂದ ಆಯಿಲ್ ಸೋರುತ್ತಿದೆ, ಇಂಜಿನ್ ತಣಿಸುವ ಕೂಲೆಂಟ್ ಸೋರುತ್ತಿದೆ ಅಂತ ಅನುಮಾನ ಬಂದರೆ, ಗಾಡಿ ನಿಲ್ಲಿಸಿ ನೋಡಿಕೊಳ್ಳುವ ಜಾಗವಾದ ಪಿಟ್‌ಗೆ ವಾಪಸ್ ಓಡಿಸಬೇಡ. ಎಲ್ಲರಿಗೂ ಮೊದಲು ತೋಚುವುದು ಅದೇ, ಹೇಗಾದರೂ ಪಿಟ್ ಸೇರೋಣ ಅಂತ. ಆದರೆ ಅಷ್ಟು ದೂರಕ್ಕೂ ಎಣ್ಣೆ ಬಳಿದ ಹಾಗಾಗುತ್ತದೆ. ಎಲ್ಲರೂ ಓಡುವ ದಾರಿಯಿಂದ ಸರಿದು, ಮಾರ್ಷಲ್ ಇರುವ ಕಡೆ ಪಕ್ಕಕ್ಕೆ ನಿಲ್ಲಿಸು. ನಾಚಿಕೆ ಪಡಬೇಡ, ಹೇಳಿಬಿಡು. ಕಾರಿನ ಕೂಲೆಂಟಿನಲ್ಲಿ ಗ್ಲೈಕಾಲ್ ಇರುತ್ತದೆ. ಅದು ಟಾರಿನ ಮೇಲೆ ಚೆಲ್ಲಿದರೆ ವಿಪರೀತ ಜಾರುತ್ತದೆ, ಒರೆಸಿದರೂ ಬೇಗ ಹೋಗುವುದಿಲ್ಲ. ಅದಕ್ಕೇ ಎಷ್ಟೋ ಕಡೆ ಟ್ರ್ಯಾಕಿಗೆ ಬರುವ ಬೈಕಿನಲ್ಲಿ ಅದನ್ನು ತೆಗೆಸಿ ಬರೀ ನೀರು ಹಾಕಿಸುತ್ತಾರೆ. ಚಕ್ರ ಮಣ್ಣಿಗೆ ಇಳಿದರೂ ಅಷ್ಟೇ. ಆ ಸುತ್ತು ನಿಧಾನಕ್ಕೆ ಮುಗಿಸಿ ಒಳಗೆ ಬಂದು, ಇಂಥ ತಿರುವಿನಲ್ಲಿ ಜಲ್ಲಿ ಬಿದ್ದಿದೆ ಅಂತ ತಿಳಿಸಬೇಕು. ಯಾರೋ ಗುಡಿಸಿ ಹೋಗುತ್ತಾರೆ, ಅದರ ನಂತರದ ಸೆಷನ್ನಿನಲ್ಲಿ ನಾನು ಬೀಳುವುದಿಲ್ಲ.

ಬಾವುಟಗಳನ್ನು ಬಾಯಿಪಾಠ ಮಾಡಿಸಿದೆ. ಹಳದಿ ಅಂದರೆ ಮುಂದೆ ಅಪಾಯ, ನಿಧಾನ, ಯಾರನ್ನೂ ಹಿಂದಿಕ್ಕುವ ಹಾಗಿಲ್ಲ. ಕೆಂಪು ಅಂದರೆ ಸೆಷನ್ ನಿಂತಿತು, ಸಾವಕಾಶ ಪಿಟ್‌ಗೆ. ಹಳದಿ ಕೆಂಪು ಪಟ್ಟೆ ಇದ್ದರೆ ಟ್ರ್ಯಾಕ್ ಜಾರುತ್ತಿದೆ. ನೀಲಿ ಬಂದರೆ ಹಿಂದೆ ವೇಗದವರು ಬಂದಿದ್ದಾರೆ. ಹೆಲ್ಮೆಟ್ ವಿಷಯಕ್ಕೆ ಒಂದೇ ಮಾತು. ನಿನ್ನ ಹಳೇ ಬೈಕ್ ಹೆಲ್ಮೆಟ್ ಕೊಡು ಅಂದಿದ್ದ ಭಾವ. ಕಾರಿನ ಟ್ರ್ಯಾಕ್ ಹೆಲ್ಮೆಟ್ಟಿಗೆ ಒಳಗಿನ ಬಟ್ಟೆ ಬೆಂಕಿ ತಡೆಯಬೇಕು, ಬೈಕಿನದ್ದಕ್ಕೆ ಆ ಪರೀಕ್ಷೆ ಇರುವುದಿಲ್ಲ. ಯಾವುದು ನಡೆಯುತ್ತದೆ ಅಂತ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ.

ಇನ್ನು ಕೈಸನ್ನೆ. ನಾನು ನಿಧಾನ ಮಾಡುವಾಗ, ಪಿಟ್‌ಗೆ ತಿರುಗುವಾಗ ಎಡಗೈ ಎತ್ತುತ್ತೇನೆ, ಬಲಗೈಯಲ್ಲಿ ಆಕ್ಸಿಲರೇಟರ್ ಇರುತ್ತದಲ್ಲ. ಕೈ ಬಿಡಲಾಗದಿದ್ದರೆ ಕಾಲು ಹೊರಗೆ ಚಾಚುತ್ತೇನೆ. ನೇರ ದಾರಿಯಲ್ಲಿ 130ರಲ್ಲಿ ಬರುವವರ ಮುಂದೆ ಒಬ್ಬರು ಸುಳಿವೇ ಕೊಡದೆ 60ಕ್ಕೆ ಇಳಿದರೆ, ಇಬ್ಬರ ನಡುವಿನ ದೂರ ಸೆಕೆಂಡಿಗೆ ಸುಮಾರು 19 ಮೀಟರ್ ಕರಗುತ್ತದೆ. ಕಾರಿನವರು ಹಿಂದಿನ ಕಾರಿಗೆ ದಾರಿ ಬಿಡುವಾಗ ಕಿಟಕಿಯಿಂದ ಕೈ ಹಾಕಿ, ಯಾವ ಕಡೆಯಿಂದ ಹೋಗಬೇಕೋ ಆ ಕಡೆ ತೋರಿಸುತ್ತಾರೆ. ತೋರಿಸಿದ ಮೇಲೆ ತಮ್ಮ ದಾರಿ ಬದಲಿಸಬಾರದು, ಆಕ್ಸಿಲರೇಟರ್ ಸ್ವಲ್ಪ ಸಡಿಲ ಬಿಡಬೇಕು. ಒಂದು ಸನ್ನೆ ಒಬ್ಬರಿಗೆ ಮಾತ್ರ. ಹಿಂದೆ ಇಬ್ಬರಿದ್ದರೆ ಎರಡು ಸಲ ತೋರಿಸಬೇಕು.

ಇದು ಭಾವನ ತಲೆಗೆ ಹೋಗಲಿಲ್ಲ. ಯಾಕೆ ಎರಡು ಸಲ, ಕೈ ಕಂಡರೆ ಇಬ್ಬರೂ ಹೋಗಬಹುದಲ್ವಾ ಅಂದ.

ಎಂಟು ಗಂಟೆಗೆ ಕುಮಟಾಕ್ಕೆ ಹೊರಟೆವು. ಕಾರಿಗೆ ಹೊಸ ಬ್ರೇಕ್ ಪ್ಯಾಡ್ ಹಾಕಿಸಬೇಕಿತ್ತು. ಈಗ ನೀವು ನೋಡುತ್ತಿರುವುದು ದೇವಿಮನೆ ಘಟ್ಟ. ಭಾವ ಮತ್ತು ಅಕ್ಕ ಮುಂದೆ ಕಾರಿನಲ್ಲಿ, ನಾನು ಹಿಂದೆ. ಇದು ರಸ್ತೆ, ಟ್ರ್ಯಾಕ್ ಅಲ್ಲ, ಇಲ್ಲಿ ನಮಗೆ ಯಾವ ಅವಸರವೂ ಇಲ್ಲ. ಎರಡು ಕಡೆ ಏರುವ ಗಾಡಿಗೆ ನಿಂತು ಜಾಗ ಬಿಟ್ಟೆವು. ಇಕ್ಕಟ್ಟಿನ ಘಟ್ಟದಲ್ಲಿ ಇಳಿಯುವವರೇ ನಿಲ್ಲಬೇಕು, ಅದು ಕಾನೂನು.

ಅರ್ಧ ಇಳಿದ ಮೇಲೆ ಮುಂದೆ ಒಂದು ಲಾರಿ ಸಿಕ್ಕಿತು. ಲೋಡ್ ಜಾಸ್ತಿ, ಕೆಳಗಿನ ಗೇರಿನಲ್ಲಿ ಮೆಲ್ಲಗೆ ಇಳಿಯುತ್ತಿತ್ತು. ಕಿಟಕಿಯಿಂದ ಒಂದು ಕೈ ಹೊರಗೆ ಬಂತು. ಅಂಗೈ ನೆಲದ ಕಡೆ ಮಾಡಿ ಮೇಲೆ ಕೆಳಗೆ ಆಡಿಸಿದರು. ತಡೀರಿ ಅಂತ. ಭಾವ ತಡೆದ. ತಿರುವು ಕಳೆಯಿತು, ಎದುರಿನಿಂದ ಒಂದು ಬಸ್ಸು ದಾಟಿತು, ರಸ್ತೆ ಉದ್ದಕ್ಕೆ ತೆರೆದುಕೊಂಡಿತು. ಈಗ ಅದೇ ಕೈ ಹಿಂದೆ ಮುಂದೆ ಬೀಸಿತು. ನಮ್ಮ ಘಟ್ಟದ ಹಳೇ ಡ್ರೈವರುಗಳ ಸನ್ನೆ ಅದು, ನಿಯಮದ ಪುಸ್ತಕದಲ್ಲೂ ಇದೆ. ಭಾವ ಹಾರ್ನ್ ಹೊಡೆದು ದಾಟಿದ.

ನಾನು ಹೋಗಲಿಲ್ಲ. ಆ ಕೈ ಕಾರಿಗೆ ಬೀಸಿದ್ದು. ಲಾರಿಯ ಹಿಂದೆ ನನಗೆ ಮುಂದಿನ ರಸ್ತೆ ಕಾಣುತ್ತಿರಲಿಲ್ಲ. ನೋಡಿ, ಇಲ್ಲಿ ಕೈ ಮತ್ತೆ ಕೆಳಗೆ ಆಡುತ್ತಿದೆ. ಎದುರಿಗೆ ಎರಡು ಸ್ಕೂಟರ್ ಬಂದವು, ಮೀನಿನ ಬುಟ್ಟಿ ಕಟ್ಟಿಕೊಂಡು. ಅವು ದಾಟಿದ ಮೇಲೆ ನನಗಾಗಿ ಇನ್ನೊಂದು ಸಲ ಕೈ ಬೀಸಿದರು. ಹೋಗುವಾಗ ಎಡಗೈ ಎತ್ತಿದೆ, ಅವರು ತಲೆ ಆಡಿಸಿದರು.

ಭಾವ ಮುಂದೆ ಅಗಲ ಜಾಗದಲ್ಲಿ ಕಾರು ನಿಲ್ಲಿಸಿ ಕಾಯುತ್ತಿದ್ದ. ಕನ್ನಡಿಯಲ್ಲಿ ಎಲ್ಲ ನೋಡಿದ್ದನಂತೆ. ನಾನು ಹೆಲ್ಮೆಟ್ ತೆಗೆಯುವ ಮೊದಲೇ ಹೇಳಿದ, "ಎರಡು ಸಲ ಬೀಸಿದ್ರು."

ಕುಮಟಾದಲ್ಲಿ ಪ್ಯಾಡ್ ಹಾಕಿಸುವ ಹೊತ್ತಿಗೆ ಅವನೇ ಕೊಯಮತ್ತೂರಿಗೆ ಫೋನ್ ಮಾಡಿ ಕೇಳಿದ. ಕಾರಿನ ಸೆಷನ್ ಎಷ್ಟು ಗಂಟೆಗೆ, ಬೈಕಿನದ್ದು ಎಷ್ಟು ಗಂಟೆಗೆ, ನಡುವೆ ಟ್ರ್ಯಾಕ್ ಗುಡಿಸುತ್ತಾರಾ. ಫೋನ್ ಇಟ್ಟ ಮೇಲೆ ನನ್ನ ಕ್ಯಾಮೆರಾ ಇಸಿದುಕೊಂಡು ಅಕ್ಕನ ಕೈಗೆ ಕೊಟ್ಟ. ಗ್ಯಾಲರಿಯಲ್ಲಿ ನಿಂತು ಇಬ್ಬರನ್ನೂ ಬೇರೆ ಬೇರೆ ತೆಗೆಯಬೇಕಂತೆ. ಈ ಕೊನೆಯ ಶಾಟ್, ಸ್ವಲ್ಪ ಅಲುಗಾಡಿದೆಯಲ್ಲ, ಅದು ಅಕ್ಕ ಜೂಮ್ ಕಲಿಯುತ್ತಿರುವುದು.